ತೆಂಗಿನ ನಾರಿಗೆ ಲ್ಯಾಕೇಸ್ ಹಿಡಿಯದಿದ್ದಾಗ

ತೆಂಗಿನ ನಾರಿನಲ್ಲಿ ಲಿಗ್ನಿನ್ (ನಾರನ್ನು ಗಟ್ಟಿಯಾಗಿಸುವ ಅಂಟಿನಂಥ ವಸ್ತು) ಪಾಲೇ ಶೇ. 40ರ ಆಸುಪಾಸು. ಲ್ಯಾಕೇಸ್ ಎಂಬ ಕಿಣ್ವದಿಂದ ಅದನ್ನು ಕೆಣಕಿ ಬಿಸಿ ಒತ್ತಿದರೆ ನಾರುಗಳು ತಾವೇ ಕಚ್ಚಿಕೊಳ್ಳುತ್ತವೆ, ಫಾರ್ಮಾಲ್ಡಿಹೈಡ್ ಅಂಟು ಕಡಿಮೆ ಸಾಕು ಅನ್ನೋ ಲೆಕ್ಕದಲ್ಲಿ ಹಲಗೆ ಮಾಡಹೊರಟೆ. ತಿಪಟೂರಿನ ನಾರು ತಂದು, ಬೋರ್‌ವೆಲ್ ನೀರಿಗೆ ಕಿಣ್ವ ಬೆರೆಸಿದ ತೊಟ್ಟಿಯಲ್ಲಿ ನೆನೆಸಿದ್ದಷ್ಟೇ ಬಂತು. ಒತ್ತಿದ ಹಲಗೆ ಅಂಚಿನಲ್ಲೇ ಉದುರುತ್ತಿತ್ತು.

ಕಿಣ್ವ ಸತ್ತಿದೆಯೋ ಅಂತ ತೊಟ್ಟಿಯ ನೀರಿಗೆ ಲ್ಯಾಕೇಸ್ ತಾಗಿದರೆ ಕೆಂಪಾಗುವ ಗ್ವಾಯಾಕಾಲ್ ಒಂದು ಹನಿ ಬಿಟ್ಟೆ. ಬಣ್ಣವೇ ಇಲ್ಲ. ಅದೇ ಡಬ್ಬಿಯ ಕಿಣ್ವವನ್ನು ಡಿಸ್ಟಿಲ್ಡ್ ವಾಟರಿನ ಅಸಿಟೇಟ್ ಬಫರ್‌ಗೆ (ಆಮ್ಲತೆ ಬದಲಾಗದಂತೆ ಕಾಯುವ ದ್ರಾವಣ) ಹಾಕಿದರೆ ನೋಡನೋಡುತ್ತಲೇ ಇಟ್ಟಿಗೆ ಕೆಂಪು! ಕಿಣ್ವ ಗಟ್ಟಿಯಾಗೇ ಇತ್ತು. ಕಿತಾಪತಿ ಬೋರ್‌ವೆಲ್ ನೀರಿನದು. ಪಿಎಚ್ 8 ದಾಟಿತ್ತು, ಶಿಲೀಂಧ್ರದ ಲ್ಯಾಕೇಸ್‌ಗೆ ಬೇಕಾದ್ದು 5ರ ಹತ್ತಿರ. ಸಾಲದ್ದಕ್ಕೆ ನೀರಿನ ಕ್ಲೋರೈಡ್ ಕೂಡ ಅದರ ಕೈ ಕಟ್ಟುತ್ತದೆ.

ಈಗ ಮಳೆನೀರು, ಬಫರ್, 45 ಡಿಗ್ರಿ ಶಾಖ. ಮೀನಿನ ತೊಟ್ಟಿಯ ಪಂಪಿನಿಂದ ಗಾಳಿ ಊದಿಸುತ್ತೇನೆ, ಆಮ್ಲಜನಕವಿಲ್ಲದೆ ಇದು ನಡೆಯದು. ಕಿಣ್ವದ ಅಣು ದೊಡ್ಡದು, ನಾರಿನೊಳಗೆ ತೂರದು. ಹಾಗಾಗಿ ಕಿಣ್ವದ ಕೆಲಸವನ್ನು ನಾರಿನೊಳಗೆ ಒಯ್ಯುವ ಮಧ್ಯವರ್ತಿಯಾಗಿ ಸಿರಿಂಗಾಲ್ಡಿಹೈಡ್ ಎಂಬ ಪುಟ್ಟ ಅಣುವಿನ ರಾಸಾಯನಿಕ ಚೂರು. ಅದು ದುಬಾರಿ, ಧಾರಾಳ ಬೇಡ. ನಾರು ತುಸು ಕಪ್ಪಾದರೆ ಗಾಬರಿಯಾಗಬೇಡಿ. ಅಂಚು ಈಗ ಉಗುರಿನಿಂದ ಕೆರೆದರೂ ಉದುರುವುದಿಲ್ಲ. ಆದರೆ ನೀರು ಬಿದ್ದರೆ ಉಬ್ಬುತ್ತದೆ, ಹೊರಾಂಗಣಕ್ಕೆ ಆಗದು.