ನಾಣ್ಯ ಬಿಟ್ಟು ಹಾಳೆ ಹಿಡಿದೆ, ಕ್ಯೂಬಿಟ್ ತಲೆಗೆ ಹೋಯ್ತು: ನನ್ನ ಅನುಭವ

ಕ್ಯೂಬಿಟ್ ಅಂದ್ರೆ ಕ್ವಾಂಟಮ್ ಕಂಪ್ಯೂಟರಿನ ಬಿಟ್ಟು, 0 ಮತ್ತು 1 ಎರಡೂ ಸೇರಿದ ಸ್ಥಿತೀಲಿ ಇರಬಲ್ಲದು, ಅದಕ್ಕೆ ಸೂಪರ್‌ಪೊಸಿಷನ್ ಅಂತಾರೆ. ಇದನ್ನ ಕ್ಲಾಸಲ್ಲಿ ಹೇಳಿಕೊಡೋಕೆ ಮೂರು ವರ್ಷ ನಾನೂ ಮೇಜಿನ ಮೇಲೆ ನಾಣ್ಯ ಗಿರ್ರಂತ ತಿರುಗಿಸಿ "ನೋಡ್ರಪ್ಪ, ಇದೇ ಸೂಪರ್‌ಪೊಸಿಷನ್ನು" ಅಂತಿದ್ದೆ. ಸೆಕೆಂಡ್ ಪಿಯು ಹುಡುಗಿ ಒಬ್ಬಳು "ಸಾರ್, ಮೊಬೈಲಲ್ಲಿ ಸ್ಲೋ ಮೋಷನ್ ಹಿಡಿದ್ರೆ ಯಾವ ಕಡೆ ಇದೆ ಅಂತ ಗೊತ್ತಾಗುತ್ತಲ್ವಾ" ಅಂದ್ಲು. ಉತ್ತರ ಇರ್ಲಿಲ್ಲ.

ಆಮೇಲೆ ಹಿಡಿದದ್ದು ಪೋಲರೈಸರ್ ಹಾಳೆ, ಅಂದ್ರೆ ಒಂದೇ ದಿಕ್ಕಲ್ಲಿ ಕಂಪಿಸೋ ಬೆಳಕನ್ನ ಮಾತ್ರ ಬಿಡೋ ಫಿಲ್ಮು. ದುಡ್ಡು ಉಳಿಸೋಣ ಅಂತ ತ್ರೀಡಿ ಸಿನಿಮಾ ಕನ್ನಡಕ ಒಂದ್ಹತ್ತು ತರಿಸಿ ಸುಮಾರು 400 ರೂಪಾಯಿ ಕಳ್ಕೊಂಡೆ, ಒಂದರ ಹಿಂದೆ ಒಂದಿಟ್ಟು ಎಷ್ಟು ತಿರುಗಿಸಿದ್ರೂ ಕತ್ತಲೆ ಆಗ್ಲೇ ಇಲ್ಲ, ಅವು ಸರ್ಕ್ಯುಲರ್ ಟೈಪು (ಸುತ್ತುತ್ತಾ ಕಂಪಿಸೋ ಬೆಳಕಿಗೆ), ನಮಗೆ ಬೇಕಿದ್ದು ಲೀನಿಯರ್ (ಒಂದೇ ನೇರದಲ್ಲಿ ಕಂಪಿಸೋದಕ್ಕೆ). ಕೊನೆಗೆ ರಿಪೇರಿ ಅಂಗಡಿ ಮೂಲೇಲಿ ಬಿದ್ದಿದ್ದ ಎಲ್‌ಸಿಡಿ ಮಾನಿಟರ್ ಬಿಟ್ಟಿ ಸಿಕ್ತು, ಗಾಜಿಂದ ಫಿಲ್ಮ್ ಕಿತ್ತೆ. ಅಂಟು ಬಿಡಿಸೋಕೆ ಎರಡು ರಾತ್ರಿ. ಹೇಗೆ ಬಿಡಿಸಿದೆ ಅಂತ ಹೇಳಲ್ಲ, ನೀವೂ ಸ್ವಲ್ಪ ಒದ್ದಾಡಿ.

ಟಾರ್ಚ್ ಮುಂದೆ ಒಂದು ನೆಟ್ಟಗೆ, ಒಂದು ಅಡ್ಡ ಇಟ್ರೆ ಕತ್ತಲೆ. ಮಧ್ಯೆ ಮೂರನೇದನ್ನ 45 ಡಿಗ್ರಿ ಓರೆ ತೂರಿಸಿದ್ರೆ ಬೆಳಕು ವಾಪಸ್! ಲೆಕ್ಕದ ಪ್ರಕಾರ ಮೊದಲ ಹಾಳೆ ದಾಟಿದ್ದರಲ್ಲಿ ಕಾಲು ಭಾಗ, ನನ್ನ ಗೀರುಬಿದ್ದ ಫಿಲ್ಮಲ್ಲಿ ಇನ್ನೂ ಕಮ್ಮಿ. ಬೆಳಕಿನ ಕಂಪನ ನೆಟ್ಟಗಿದ್ರೆ 0, ಅಡ್ಡ ಇದ್ರೆ 1, ಓರೆ ಅಂದ್ರೆ ಎರಡೂ ಸೇರಿದ್ದು, ಅಷ್ಟೇ ಹೇಳಿದೆ. ಜೋಮೆಟ್ರಿ ಬಾಕ್ಸಿನ ಪ್ಲಾಸ್ಟಿಕ್ ಸ್ಕೇಲ್ ಮಧ್ಯೆ ಇಟ್ರೆ ಕಾಮನಬಿಲ್ಲಿನ ಬಣ್ಣ ಬರುತ್ತೆ, ಅರ್ಧ ಪೀರಿಯಡ್ ಅದ್ರಲ್ಲೇ ಹೋಯ್ತು.

ಸಹೋದ್ಯೋಗಿ ಒಬ್ರು "ಇದು ಬರೀ ಅಲೆ ಕಣ್ರೀ, ಕ್ವಾಂಟಮ್ ಎಲ್ಲಿದೆ" ಅಂತ ಮೂಗು ಮುರಿದ್ರು. ಫೋಟಾನ್ (ಬೆಳಕಿನ ಅತಿ ಚಿಕ್ಕ ತುಣುಕು) ಒಂದೊಂದಾಗಿ ಬಿಟ್ರೂ ಲೆಕ್ಕ ಅದೇ, ಅರ್ಧ ಫೋಟಾನ್ ದಾಟಲ್ಲ, ಇಡೀದು ದಾಟುತ್ತೆ ಇಲ್ಲಾ ಇಡೀದು ಹಾಳೇಲೇ ಹೀರಿಹೋಗುತ್ತೆ ಅಂದೆ. ಒಪ್ಪಲಿಲ್ಲ.

ಒಪ್ಪಿಸಿದ್ದು ಐಬಿಎಂನವರು 2016ರಿಂದ ಕ್ಲೌಡಲ್ಲಿ ಬಿಟ್ಟಿರೋ ಕ್ವಾಂಟಮ್ ಮೆಷಿನ್ನು. 0 ಇರೋ ಕ್ಯೂಬಿಟ್‌ಗೆ ಒಂದು ಎಚ್ ಗೇಟ್ (ಅದನ್ನ 0, 1 ಎರಡೂ ಸಮವಾಗಿ ಸೇರಿದ ಸ್ಥಿತಿಗೆ ತರೋ ಹೆಜ್ಜೆ) ಹಾಕಿದ್ರೆ ಸಾವಿರ ಚಿಲ್ಲರೆ ಶಾಟಲ್ಲಿ (ಒಂದು ಶಾಟ್ ಅಂದ್ರೆ ಒಂದು ಸಲ ಓಡಿಸಿ ಅಳೆಯೋದು) 0, 1 ಹೆಚ್ಚುಕಮ್ಮಿ ಅರ್ಧರ್ಧ, ಎರಡು ಹಾಕಿದ್ರೆ ಹತ್ತಿರ ಹತ್ತಿರ ಎಲ್ಲಾ 0. ನಾಣ್ಯ ಎರಡು ಸಲ ಚಿಮ್ಮಿದ್ರೆ ಪ್ರತಿ ಸಲ ಹೆಡ್ಸೇ ಬೀಳುತ್ತಾ? 1ಕ್ಕೆ ಹೋಗೋ ದಾರಿ ಎರಡು, ಒಂದು ಪ್ಲಸ್ಸು ಒಂದು ಮೈನಸ್ಸು, ಒಂದನ್ನೊಂದು ಹೊಡೆದುಹಾಕ್ತವೆ. ಮೊದಲ ಸಲ ಇಲ್ಲೂ ಎಡವಿದ್ದೆ, ಕಂಪೈಲರ್ (ನಮ್ಮ ಸರ್ಕ್ಯೂಟನ್ನ ಮೆಷಿನ್ನಿಗೆ ಹೊಂದಿಸೋ ಸಾಫ್ಟ್‌ವೇರ್) ಮಹಾ ಜಾಣ, ಎರಡು ಎಚ್ ಸೇರಿದ್ರೆ ಸೊನ್ನೆ ಕೆಲಸ ಅಂತ ಎರಡನ್ನೂ ಅಳಿಸಿ ಖಾಲಿ ಸರ್ಕ್ಯೂಟ್ ಓಡಿಸಿತ್ತು, ನಾನು ಅದನ್ನೇ ತೋರಿಸಿ ಬೀಗ್ತಿದ್ದೆ. ಮಧ್ಯೆ ಬ್ಯಾರಿಯರ್ ಹಾಕಿ, ಅಂದ್ರೆ ಎರಡನ್ನೂ ಸೇರಿಸಿ ಅಳಿಸಬೇಡ ಅಂತ ಕಂಪೈಲರಿಗೆ ಹೇಳೋ ಗುರುತು. ಆಗ ಹತ್ತಿಪ್ಪತ್ತು 1 ಬರ್ತವೆ, ಅದು ನಾಯ್ಸು, ಅಂದ್ರೆ ಮೆಷಿನ್ನಿನ ಸಣ್ಣ ತಪ್ಪು, ಗಾಬರಿ ಬೇಡ.

ಬ್ಯಾರಿಯರ್ ಜಾಗದಲ್ಲಿ ಮೆಷರ್ (ಕ್ಯೂಬಿಟ್ 0 ಇದೆಯಾ 1 ಇದೆಯಾ ಅಂತ ಅಳೆಯೋದು) ಇಟ್ಟಿದ್ದು ಅದೇ ಪಿಯು ಹುಡುಗಿ. ಮತ್ತೆ ಅರ್ಧರ್ಧ ಆಯ್ತು. ಸ್ಕ್ರೀನ್ ನೋಡ್ತಾ "ಸಾರ್, ಹಾಗಾದ್ರೆ ಆ ಮಧ್ಯದ ಹಾಳೆನೂ ಮೆಷರ್‌ಮೆಂಟೇ ಅಲ್ವಾ" ಅಂದ್ಲು.