ಸ್ಕಾಟಿಷ್, ಇಂಗ್ಲಿಷ್ ಸರ್‌ನೇಮ್‌ಗಳ ಅರ್ಥ ಹುಡುಕುವ ಬಗೆ

ಸರ್‌ನೇಮ್‌ನ ಅರ್ಥ ಬೇಕೆಂದು ಮೊದಲೇ ನಿಘಂಟು ತೆರೆಯಬೇಡಿ. ಆ ಕುಟುಂಬ ಯಾವ ಸೀಮೆಯದು, ಹಳೆಯ ದಾಖಲೆಗಳಲ್ಲಿ ಹೆಸರನ್ನು ಹೇಗೆ ಬರೆದಿದ್ದಾರೆ ಎಂಬುದು ಮೊದಲು ತಿಳಿಯಬೇಕು. ಒಂದೇ ಕಾಗುಣಿತದ ಹಿಂದೆ ಎರಡು ಮೂರು ಮೂಲಗಳಿರಬಹುದು.

ಇಂದಿನಿಂದ ಹಿಂದಕ್ಕೆ, ಒಂದು ತಲೆಮಾರನ್ನೂ ಬಿಡದೆ ಹೋಗಿ. ಇಂಗ್ಲೆಂಡಿನಲ್ಲಿ ಸರ್ಕಾರಿ ಜನನ-ಮರಣ ನೋಂದಣಿ 1837ರ ಜುಲೈನಿಂದ ಇದೆ. ಅದಕ್ಕೂ ಹಿಂದಿನದಕ್ಕೆ ಚರ್ಚ್ ರಿಜಿಸ್ಟರುಗಳೇ ಗತಿ. ಅವನ್ನು ಇಡಬೇಕೆಂಬ ಆಜ್ಞೆ ಹೊರಟದ್ದು 1538ರಲ್ಲಿ. ಸ್ಕಾಟ್ಲೆಂಡಿನ ನೋಂದಣಿ 1855ರಷ್ಟು ತಡ, ಆದರೆ ವಿವರ ಹೆಚ್ಚು: ಮರಣದ ನಮೂದಿನಲ್ಲೂ ತಂದೆಯ ಹೆಸರು, ತಾಯಿಯ ತವರಿನ ಸರ್‌ನೇಮ್ ಎರಡೂ ಸಿಗುತ್ತವೆ. 'ಸ್ಕಾಟ್ಲೆಂಡ್ಸ್‌ಪೀಪಲ್' ಜಾಲತಾಣದಲ್ಲಿ ಇವನ್ನು ನೋಡಬಹುದು. ಮ್ಯಾಕ್ ಹೆಸರುಗಳನ್ನು 'ಎಂ-ಎ-ಸಿ', 'ಎಂ-ಸಿ' ಎರಡೂ ರೀತಿಯಲ್ಲಿ ಹುಡುಕಿ. ಮೊದಲನೆಯದು ಸ್ಕಾಟಿಷ್, ಎರಡನೆಯದು ಐರಿಷ್ ಎಂಬ ಮಾತು ತಪ್ಪು. ಎರಡಕ್ಕೂ 'ಮಗ' ಎಂದೇ ಅರ್ಥ, ಎರಡೂ ಕಡೆ ಎರಡೂ ಇವೆ.

ಸೀಮೆ ಗೊತ್ತಾದ ಮೇಲೆ ಹೆಸರು ಯಾವ ಬಗೆಯದೆಂದು ನೋಡಿ. ಕಸುಬಿನ ಹೆಸರುಗಳಲ್ಲಿ ಸೀಮೆಯ ಗುರುತು ಚೆನ್ನಾಗಿ ಕಾಣುತ್ತದೆ. ಹೊಸದಾಗಿ ನೇಯ್ದ ಉಣ್ಣೆಬಟ್ಟೆಯನ್ನು ನೆನೆಸಿ, ತುಳಿದು, ಜಿಡ್ಡು ಬಿಡಿಸಿ, ನೇಯ್ಗೆ ಬಿಗಿಯಾಗಿಸುವ ಕೆಲಸವೊಂದಿತ್ತು. ಅದನ್ನು ಮಾಡುವವನು ಇಂಗ್ಲೆಂಡಿನ ಉತ್ತರದಲ್ಲಿ ವಾಕರ್, ಆಗ್ನೇಯದಲ್ಲಿ ಫುಲ್ಲರ್, ನೈಋತ್ಯದಲ್ಲಿ ಟಕ್ಕರ್. ಬ್ಯಾಕ್ಸ್‌ಟರ್ ಎಂದರೆ ರೊಟ್ಟಿ ಸುಡುವವರು, ವೆಬ್‌ಸ್ಟರ್ ಎಂದರೆ ನೇಯುವವರು. ಕೊನೆಯ '-ಸ್ಟರ್' ಮೊದಲು ಹೆಂಗಸರಿಗೆ ಸೇರುತ್ತಿದ್ದ ಪ್ರತ್ಯಯ.

ತಂದೆಯ ಹೆಸರಿನಿಂದ ಬಂದದ್ದಾದರೆ ಮುದ್ದಿನ ಹೆಸರುಗಳನ್ನು ನೆನಪಿಡಿ. ರಾಬರ್ಟ್‌ನಿಂದ ರಾಬ್ಸನ್ ಹುಟ್ಟಿದ್ದು ಸುಲಭವಾಗಿ ಹೊಳೆಯುತ್ತದೆ, ಆದರೆ ಹಾಬ್ಸ್, ಹಾಪ್ಕಿನ್ಸ್, ಡಾಬ್ಸನ್ ಕೂಡ ಅವನವೇ. '-ಸನ್' ಉತ್ತರದಲ್ಲಿ ಹೆಚ್ಚು. ಬರೀ '-ಸ್' ದಕ್ಷಿಣ ಇಂಗ್ಲೆಂಡಿನಲ್ಲೂ ವೇಲ್ಸ್‌ನಲ್ಲೂ ಹೆಚ್ಚು. ಸ್ಕಾಟ್ಲೆಂಡಿನ ಹಳೆಯ ಭಾಷೆಯಾದ ಗೇಲಿಕ್‌ನಲ್ಲಿ ಮ್ಯಾಕ್ ಆದಮೇಲೆ ತಂದೆಯ ಕಸುಬೂ ಬರುತ್ತದೆ: ಮ್ಯಾಕಿಂಟೈರ್ ಬಡಗಿಯ ಮಗ, ಮ್ಯಾಕ್‌ಟ್ಯಾಗರ್ಟ್ ಪಾದ್ರಿಯ ಮಗ. ಸ್ಕಾಟ್ಲೆಂಡಿನ ಬೆಟ್ಟಸೀಮೆಯಾದ ಹೈಲ್ಯಾಂಡ್ಸ್‌ನಲ್ಲಿ ಸ್ಮಿತ್ ಕಂಡರೆ ಎಚ್ಚರ. 'ಕಮ್ಮಾರನ ಮಗ' ಎಂಬ ಗೇಲಿಕ್ ಹೆಸರನ್ನೇ ಇಂಗ್ಲಿಷಿಗೆ ತಿರುಗಿಸಿಕೊಂಡವರು ಅಲ್ಲಿ ಇದ್ದಾರೆ.

ಊರಿನ ಹೆಸರುಗಳಲ್ಲಿ '-ಟನ್' ಹೊಲಮನೆ ಅಥವಾ ಹಳ್ಳಿ, '-ಲೀ' ಕಾಡು ಕಡಿದ ಬಯಲು, '-ಬಿ' ನಾರ್ಸ್ (ಸ್ಕ್ಯಾಂಡಿನೇವಿಯಾದಿಂದ ಬಂದ) ಜನರ ಹಳ್ಳಿ. ಆಶ್ಟನ್, ಬ್ರಾಡ್ಲಿ ಎಂಬ ಊರುಗಳು ಹಲವು. ನಕ್ಷೆಯಲ್ಲಿ ಮೊದಲು ಸಿಕ್ಕಿದ್ದನ್ನೇ ಮೂಲವೆಂದು ಬರೆದುಕೊಳ್ಳಬೇಡಿ.

ಮೈಗುಣದಿಂದ ಬಂದ ಹೆಸರುಗಳೂ ಇವೆ: ಕ್ಯಾಂಪ್‌ಬೆಲ್ ಸೊಟ್ಟ ಬಾಯಿ, ಹೈಲ್ಯಾಂಡ್ಸ್‌ನ ಕ್ಯಾಮರನ್ ಸೊಟ್ಟ ಮೂಗು, ರೀಡ್ ಕೆಂಗೂದಲು. ತೀರ ಕಷ್ಟದ್ದು ಬ್ಲ್ಯಾಕ್. ಹಳೆಯ ಇಂಗ್ಲಿಷಿನಲ್ಲಿ 'ಕಪ್ಪು' ಮತ್ತು 'ಬಿಳಿಚಿದ' ಎಂಬ ಎರಡು ಪದಗಳ ರೂಪ ಬಹಳ ಹತ್ತಿರವಿತ್ತು. ಆಮೇಲೆ ಅವು ಬೆರೆತುಹೋದವು. ಕಿಂಗ್ ಎಂದಮಾತ್ರಕ್ಕೆ ರಾಜವಂಶವಲ್ಲ, ಹಬ್ಬದ ಆಟದಲ್ಲಿ ರಾಜನ ಪಾತ್ರ ಮಾಡಿದವನಿಗೂ ಆ ಹೆಸರು ಅಂಟುತ್ತಿತ್ತು.

ಕ್ಲಾನ್, ಅಂದರೆ ಒಬ್ಬ ಮುಖ್ಯಸ್ಥನ ಕೆಳಗಿನ ಸ್ಕಾಟಿಷ್ ಕುಲದ ಹೆಸರನ್ನು ರಕ್ತಸಂಬಂಧದ ಪುರಾವೆಯಾಗಿ ತೆಗೆದುಕೊಳ್ಳಬೇಡಿ. ಮುಖ್ಯಸ್ಥನ ಆಶ್ರಯದಲ್ಲಿದ್ದ ಒಕ್ಕಲುಗಳೂ ಅವನ ಹೆಸರು ಹಿಡಿದದ್ದುಂಟು. 1603ರಲ್ಲಿ ಮ್ಯಾಕ್‌ಗ್ರೆಗರ್ ಹೆಸರಿಗೆ ನಿಷೇಧ ಬಿತ್ತು, ಅದು ಕೊನೆಗೂ ತೆರವಾದದ್ದು 1774ರಲ್ಲಿ. ಈ ನಡುವೆ ಬೇರೆ ಹೆಸರು ಇಟ್ಟುಕೊಂಡವರಲ್ಲಿ ಎಲ್ಲರೂ ಹಳೆಯದಕ್ಕೆ ಮರಳಲಿಲ್ಲ. ಹಾಗೆಯೇ ಲಾಂಛನ ಸಿಗುವುದು ಒಬ್ಬ ವ್ಯಕ್ತಿಗೆ, ಸರ್‌ನೇಮ್‌ಗಲ್ಲ. 'ನಿಮ್ಮ ಸರ್‌ನೇಮ್‌ನ ಲಾಂಛನ' ಎಂದು ಮಾರುವ ಫಲಕಕ್ಕೆ ದುಡ್ಡು ಕೊಡಬೇಡಿ.