ಸಾರ್ಕ್ ಕೈನೇಸ್: ಇ. ಕೋಲಿಯಲ್ಲೇ ಬಂತು

ಟೈರೋಸಿನ್ ಕೈನೇಸ್ (ಪ್ರೋಟೀನಿನ ಟೈರೋಸಿನ್‌ಗೆ ಫಾಸ್ಫೇಟ್ ಅಂಟಿಸುವ ಕಿಣ್ವ) ತಯಾರಿಸಬೇಕಾದರೆ ಕೀಟಕೋಶಕ್ಕೇ ಹೋಗು, ಇ. ಕೋಲಿ ಬ್ಯಾಕ್ಟೀರಿಯಾ ನಂಬಿ ಕೂರಬೇಡ ಅಂತ ಲ್ಯಾಬಿನ ಸೀನಿಯರ್‌ಗಳ ಉಪದೇಶ. ಎಸ್‌ಎಫ್9 ಎಂಬ ಆ ಕೀಟಕೋಶ ಬೆಳೆಸುವ ಮೀಡಿಯಂಗೆ ಲೀಟರಿಗೆ ಹತ್ತು ಸಾವಿರದ ಆಸುಪಾಸು ದುಡ್ಡು ಯಾರು ಕೊಡಬೇಕು? ಗ್ರಾಂಟ್ ತಳ ಕಂಡಿತ್ತು.

ತೆಗೆದುಕೊಂಡದ್ದು ಕೋಳಿಯ ಸಾರ್ಕ್ ಎಂಬ ಟೈರೋಸಿನ್ ಕೈನೇಸ್, ಅದರಲ್ಲೂ ಕೆಲಸ ಮಾಡುವ ಭಾಗ (ಕೈನೇಸ್ ಡೊಮೇನ್) ಮಾತ್ರ, 251ರಿಂದ 533ನೇ ಅಮೈನೋ ಆಮ್ಲದವರೆಗೆ. ಒಂಟಿಯಾಗಿ ಹಾಕಿದಾಗ ಐಪಿಟಿಜಿ (ಪ್ರೋಟೀನ್ ತಯಾರಿ ಶುರುಮಾಡಿಸುವ ರಾಸಾಯನಿಕ) ಬಿದ್ದದ್ದೇ ತಡ, ಕಲ್ಚರ್ ಬೆಳೆಯುವುದನ್ನೇ ನಿಲ್ಲಿಸಿತು. ಬಂದಷ್ಟು ಪ್ರೋಟೀನೂ ಪೆಲೆಟ್‌ನಲ್ಲಿ, ಅಂದರೆ ಕರಗದೆ ತಳದಲ್ಲಿ. ಯೂರಿಯಾದಲ್ಲಿ ಕರಗಿಸಿ ರೀಫೋಲ್ಡ್ ಮಾಡಲು (ಮತ್ತೆ ಸರಿಯಾಗಿ ಮಡಿಸಲು) ಹೋದರೆ ಡಯಾಲಿಸಿಸ್ ಚೀಲದ ತುಂಬ ಬಿಳಿ ಗಷ್ಟು. ಚಾಪರೋನ್ (ಪ್ರೋಟೀನ್ ಮಡಿಯಲು ನೆರವಾಗುವ ಪ್ರೋಟೀನ್) ತಯಾರಿಸುವ ಪ್ಲಾಸ್ಮಿಡ್ (ಡಿಎನ್‌ಎ ಉಂಗುರ) ಕೊಂಡದ್ದಂತೂ ಶುದ್ಧ ದಂಡ: ನಿಕ್ಕಲ್ ಕಾಲಮ್‌ನಿಂದ ಇಳಿದದ್ದು ಗ್ರೋಇಎಲ್ ಎಂಬ ಚಾಪರೋನ್‌ನ ದಪ್ಪ ಬ್ಯಾಂಡ್. ಅದೂ ಕೈನೇಸಿನಂತೆ ಎಟಿಪಿ ಒಡೆಯುತ್ತದೆ, ನಮ್ಮ ಅಸ್ಸೇಯಲ್ಲಿ (ಪರೀಕ್ಷೆಯಲ್ಲಿ) ಎಟಿಪಿ ಒಡೆದಷ್ಟೂ ಎನ್‌ಎಡಿಎಚ್ ಇಳಿಯುತ್ತದೆ, ಹಾಗಾಗಿ 340 ನ್ಯಾನೋಮೀಟರಿನಲ್ಲಿ ಅದು ಇಳಿದದ್ದು ನೋಡಿ ಒಂದು ವಾರ ಸುಮ್ಮನೆ ಖುಷಿಪಟ್ಟೆವು.

ದಾರಿ ತೋರಿಸಿದ್ದು ಸತ್ತ, ಅಂದರೆ ಕೆಲಸ ಮಾಡದ ಕೈನೇಸ್. 295ರ ಲೈಸಿನ್ ತೆಗೆದು ಮೆಥಿಯೋನಿನ್ ಇಟ್ಟೆ, ಕಲ್ಚರ್ ಆರಾಮಾಗಿ ಬೆಳೆಯಿತು. ಅಂದರೆ ವಿಷ ಪ್ರೋಟೀನಲ್ಲ, ಅದರ ಕೆಲಸ. ಅದು ಅಂಟಿಸಿದ ಫಾಸ್ಫೇಟನ್ನು ಅಲ್ಲೇ ಕೀಳುವವನೊಬ್ಬ ಜೊತೆಗಿರಬೇಕು: ಯೆರ್ಸಿನಿಯಾ ಬ್ಯಾಕ್ಟೀರಿಯಾದ ಫಾಸ್ಫಟೇಸ್, ಯೋಪ್‌ಎಚ್. ಜಾನ್ ಕುರಿಯನ್ ತಂಡ 2005ರಲ್ಲೇ ಇದನ್ನು ಪ್ರಕಟಿಸಿತ್ತು. ನಮ್ಮಲ್ಲಿ ಓದಿದವರೇನೋ ಇದ್ದರು, ಮಾಡಿದವರಿರಲಿಲ್ಲ.

ಎರಡು ಪ್ಲಾಸ್ಮಿಡ್, ಎರಡು ಆಂಟಿಬಯಾಟಿಕ್, ಟಿಬಿ (ಟೆರಿಫಿಕ್ ಬ್ರಾತ್) ಮೀಡಿಯಂ. 18 ಡಿಗ್ರಿಗೆ ಇಳಿಸಿ 0.2 ಮಿಲಿಮೋಲಾರ್ ಐಪಿಟಿಜಿ, ರಾತ್ರಿಯಿಡೀ. ತಣ್ಣಗಾಗುವಾಗ ಫ್ಲಾಸ್ಕಿಗೆ ಇನ್ನೊಂದು ಹಾಕುತ್ತೇನೆ. ಅದು ಪೇಪರ್ ಬರುವತನಕ ನನ್ನಲ್ಲೇ ಇರಲಿ. ಲೀಟರಿಗೆ ನಾಲ್ಕೈದು ಮಿಲಿಗ್ರಾಂ ಸಿಗುತ್ತಿದೆ. ಖರ್ಚು ಸಾವಿರ ರೂಪಾಯಿಯೊಳಗೆ, ಕಾಲಮ್ ಬಿಟ್ಟು.

ನಡುವೆ ಯೋಪ್‌ಎಚ್ ಬದಲು ಲ್ಯಾಂಬ್ಡಾ ಫಾಸ್ಫಟೇಸನ್ನೂ ನೋಡಿದೆ. ಕೆಲಸ ಮಾಡುತ್ತದೆ, ಇಳುವರಿ ನನ್ನ ಕೈಯಲ್ಲಿ ಅರ್ಧವೂ ಇಲ್ಲ.

ಯೋಪ್‌ಎಚ್ ಚೂರು ಉಳಿದರೂ ಅಸ್ಸೇ ಕೆಟ್ಟಿತು, ಕೈನೇಸನ್ನು ಚುರುಕುಗೊಳಿಸುವ 416ನೇ ಟೈರೋಸಿನ್‌ನ ಫಾಸ್ಫೇಟನ್ನು ಕಿತ್ತುಹಾಕುತ್ತದೆ. ಕ್ಯೂ ಕಾಲಮ್‌ನಲ್ಲಿ (ವಿದ್ಯುದಾವೇಶ ನೋಡಿ ಪ್ರೋಟೀನ್ ಬೇರ್ಪಡಿಸುವ ಕಾಲಮ್) ಉಪ್ಪನ್ನು ನಿಧಾನವಾಗಿ ಏರಿಸಿ ಬೇರ್ಪಡಿಸಿ. ಹೀಗೆ ಬಂದ ಕೈನೇಸ್ ಬೋಳು, ಫಾಸ್ಫೇಟಿಲ್ಲ, ಹಾಗಾಗಿ ಮೊದಲ ನಿಮಿಷಗಳಲ್ಲಿ ಗ್ರಾಫ್ ಬಾಗುತ್ತದೆ. ಮೆಗ್ನೀಸಿಯಂ, ಎಟಿಪಿ ಜೊತೆ ಅರ್ಧ ಗಂಟೆ ಬಿಟ್ಟು ಶುರುಮಾಡಿದರೆ ಗೆರೆ ನೇರ.

ಗ್ರೋಇಎಲ್ ಪಾಠ ಮರೆತಿರಲಿಲ್ಲವಲ್ಲ, ಸಾರ್ಕನ್ನು ತಡೆಯುವ ಔಷಧ ಡಸಾಟಿನಿಬ್ ಹಾಕಿ ನೋಡಿದೆ. ಗೆರೆ ಮಲಗಿಬಿಟ್ಟಿತು, ಅಂದರೆ ಕೆಲಸ ಮಾಡುತ್ತಿದ್ದದ್ದು ಸಾರ್ಕೇ. ಆಬ್ಲ್ ಕೈನೇಸನ್ನು ತಡೆಯುವ ಔಷಧ ಇಮ್ಯಾಟಿನಿಬ್‌ಗೆ ಅಷ್ಟೇನೂ ಜಗ್ಗಲಿಲ್ಲ, ಸಾರ್ಕ್ ಹಾಗೇ ಇರಬೇಕು. ಉಪದೇಶ ಕೊಟ್ಟ ಸೀನಿಯರ್ ಒಬ್ಬರು ಆಬ್ಲ್‌ಗೆ ಹಾಕಲು ಯೋಪ್‌ಎಚ್ ಪ್ಲಾಸ್ಮಿಡ್ ಒಯ್ದಿದ್ದಾರೆ.